ಹನ್ನೊಂದು ತಿಂಗಳು ಬರೀ ಅನ್ನ

ಕಡಲೂರಿಗೆ ಟ್ರಿಪ್ ಅಂತ ಪಕ್ಕಾ ಆದ ತಕ್ಷಣ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ಒಂದು ಪಕ್ಷದವರು ಅಂಜಲ್ ಫ್ರೈ, ಕೋರಿ ರೊಟ್ಟಿ, ನೀರ್ ದೋಸೆ, ಗಡ್‌ಬಡ್ ಐಸ್‌ಕ್ರೀಮ್ ಅಂತ ಪಟ್ಟಿ ಮಾಡುತ್ತಾರೆ. ಇನ್ನೊಂದು ಪಕ್ಷದವರ ಪಟ್ಟಿಯಲ್ಲಿ ಇರೋದು ಓಆರ್‌ಎಸ್ ಪ್ಯಾಕೆಟ್, ಸೊಳ್ಳೆ ಕ್ರೀಮು, ಹೊಟ್ಟೆನೋವಿನ ಮಾತ್ರೆ. ಎರಡನೇ ಪಕ್ಷದಲ್ಲಿ ಸಾಮಾನ್ಯವಾಗಿ ನಮ್ಮಂಥ ಬಯಲುಸೀಮೆಯವರೇ ಜಾಸ್ತಿ. ರಾಗಿಮುದ್ದೆ ತಿಂದು ಬೆಳೆದ ಹೊಟ್ಟೆಗೆ ಘಾಟಿ ಇಳಿಯೋದು ಅಂದರೆ ಒಂದು ಅಳುಕು ಇದ್ದೇ ಇರುತ್ತೆ. ಬೆವರು, ತೆಂಗಿನೆಣ್ಣೆ, ಮೀನು, ಬೇರೆ ನೀರು.

ಈ ಅಳುಕಿಗೆ ದೊಡ್ಡ ಇತಿಹಾಸವೇ ಇದೆ. ಹೊರಗಿನಿಂದ ಬಂದ ಒಬ್ಬ ಮನುಷ್ಯ ನಮ್ಮ ಕರಾವಳಿಯ ಒಂದು ಊರಿನಲ್ಲಿ ಏನು ತಿಂದ, ಹೇಗೆ ಬಡಿಸಿದರು, ಯಾವುದಾದ ಮೇಲೆ ಯಾವುದು ಬಂತು, ಕೊನೆಗೆ ಏನು ಕುಡಿಸಿದರು ಅನ್ನೋದರ ಪೂರ್ತಿ ವರದಿ ನಮಗೆ ಸಿಕ್ಕಿದೆ. ಬರೆಸಿದವನು ಮೊರಾಕ್ಕೋದ ಇಬ್ನ್ ಬತೂತ. ಊರು ಹೊನ್ನಾವರ. ಕಾಲ 1342ರ ಆಸುಪಾಸು.

ಈತನ ಹೆಸರನ್ನು ಶಾಲೆಯಲ್ಲಿ ತುಘಲಕ್ ಪಾಠದಲ್ಲಿ ಓದಿರುತ್ತೀರಿ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಇವನನ್ನು ಚೀನಾದ ಚಕ್ರವರ್ತಿಯ ಹತ್ತಿರ ರಾಯಭಾರಿಯಾಗಿ ಕಳಿಸಿದ. ದೆಹಲಿಯಿಂದ ಹೊರಟು ಗುಜರಾತಿನಲ್ಲಿ ಹಡಗು ಹತ್ತಿ ದಕ್ಷಿಣಕ್ಕೆ ಬರುತ್ತಾ ಗೋವಾ ದಾಟಿ ಹೊನ್ನಾವರಕ್ಕೆ ಬಂದ. ಅವನ ಬಾಯಲ್ಲಿ ಅದು 'ಹಿನಾವರ್'. ಆಗ ಅಲ್ಲಿ ಜಮಾಲುದ್ದೀನ್ ಅನ್ನೋ ಸುಲ್ತಾನ ಇದ್ದ. ಅವನ ಮೇಲೆ 'ಹರಿಯಬ್' ಅನ್ನೋ ದೊಡ್ಡ ರಾಜ ಇದ್ದಾನೆ ಅಂತಲೂ ಬರೆದಿದ್ದಾನೆ. ಇತಿಹಾಸಕಾರರು ಅದು ವಿಜಯನಗರದ ಹರಿಹರ ಅಂತ ಗುರುತಿಸುತ್ತಾರೆ. ಊರಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇದ್ದವಂತೆ. ಹೆಂಗಸರು ಹೊಲಿಯದ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ ಸೆರಗನ್ನು ತಲೆಯ ಮೇಲೆ ಹೊದ್ದುಕೊಳ್ಳುತ್ತಾರೆ, ಮೂಗಿಗೆ ಚಿನ್ನದ ನತ್ತು ಹಾಕುತ್ತಾರೆ ಅನ್ನೋದನ್ನೂ ಬಿಟ್ಟಿಲ್ಲ.

ಈಗ ಊಟಕ್ಕೆ ಬರೋಣ. ಮೊದಲು ತಾಮ್ರದ ಮಣೆಯಂಥ ಮೇಜು ಬರುತ್ತೆ. ಅದರ ಮೇಲೆ ತಾಮ್ರದ ತಟ್ಟೆ, ಅದಕ್ಕೆ ಅವನು 'ತಾಲಮ್' ಅಂತಲೇ ಬರೆದಿದ್ದಾನೆ. ರೇಷ್ಮೆ ಉಟ್ಟ ಒಬ್ಬ ದಾಸಿ ಬಂದು ಅಡುಗೆ ಪಾತ್ರೆಗಳನ್ನು ಮುಂದಿಟ್ಟುಕೊಂಡು ಕೂರುತ್ತಾಳೆ. ದೊಡ್ಡ ತಾಮ್ರದ ಸೌಟಿನಿಂದ ಒಂದು ಸೌಟು ಅನ್ನ. ಅದರ ಮೇಲೆ ತುಪ್ಪ. ಪಕ್ಕಕ್ಕೆ ಗೊಂಚಲು ಗೊಂಚಲಾಗಿ ಉಪ್ಪಿಗೆ ಹಾಕಿದ ಹಸಿ ಕಾಳುಮೆಣಸು, ಹಸಿ ಶುಂಠಿ, ನಿಂಬೆ ಉಪ್ಪಿನಕಾಯಿ, ಮಾವಿನ ಉಪ್ಪಿನಕಾಯಿ. ಒಂದು ತುತ್ತು ಅನ್ನ, ಹಿಂದೆಯೇ ಸ್ವಲ್ಪ ಉಪ್ಪಿನಕಾಯಿ. ಆ ಸೌಟು ಮುಗಿದರೆ ಇನ್ನೊಂದು ಸೌಟು, ಈ ಸಲ ಜೊತೆಗೆ ಕೋಳಿ. ಆಮೇಲೆ ಇನ್ನೊಂದು ಥರದ ಕೋಳಿ, ಮತ್ತೆ ಅನ್ನ. ಕೋಳಿಗಳ ಸರದಿ ಮುಗಿದ ಮೇಲೆ ಥರಾವರಿ ಮೀನು, ಅದಕ್ಕೂ ಅನ್ನ. ಆಮೇಲೆ ತುಪ್ಪದಲ್ಲಿ ಬೇಯಿಸಿದ ತರಕಾರಿ, ಹಾಲಿನ ಅಡುಗೆ, ಅದಕ್ಕೂ ಅನ್ನವೇ. ಎಲ್ಲಾ ಆದ ಮೇಲೆ ಮೊಸರು. ಮೊಸರು ಬಂತು ಅಂದರೆ ಇನ್ನು ಬರೋದು ಏನೂ ಇಲ್ಲ ಅಂತ ಅರ್ಥ ಅಂತ ಅವನು ಬಿಡಿಸಿ ಹೇಳುತ್ತಾನೆ.

ಇದನ್ನು ಓದಿದ ಯಾವ ಕರಾವಳಿಯವರಿಗಾದರೂ ನಗು ಬರಬೇಕು. ತಾಮ್ರದ ತಟ್ಟೆಯನ್ನು ತೆಗೆದು ಬಾಳೆಲೆ ಹಾಕಿ, ದಾಸಿಯ ಜಾಗದಲ್ಲಿ ಪಂಚೆ ಎತ್ತಿ ಕಟ್ಟಿದ ಅಡುಗೆಭಟ್ಟರನ್ನು ನಿಲ್ಲಿಸಿ. ಇವತ್ತಿನ ಮದುವೆ ಊಟದ ಕ್ರಮ ಹೆಚ್ಚುಕಡಿಮೆ ಇದೇ ತಾನೆ? ಎಲೆ ತುದಿಗೆ ಉಪ್ಪಿನಕಾಯಿ, ಅನ್ನದ ಮೇಲೆ ತುಪ್ಪ, ಒಂದೊಂದು ಪದಾರ್ಥಕ್ಕೂ ಬೇರೆ ಬೇರೆ ಅನ್ನ, ಕೊನೆಗೆ ಮಜ್ಜಿಗೆ.

ಆದರೆ ನನ್ನ ಕಣ್ಣು ನಿಂತಿದ್ದು ಅದರ ಮುಂದಿನ ವಾಕ್ಯದ ಮೇಲೆ. ಇಷ್ಟೆಲ್ಲಾ ಆದ ಮೇಲೆ ಅವರು ಬಿಸಿನೀರು ಕುಡಿಯುತ್ತಾರೆ, ಯಾಕೆಂದರೆ ಮಳೆಗಾಲದಲ್ಲಿ ತಣ್ಣೀರು ಅವರಿಗೆ ಕೆಡುಕು ಮಾಡುತ್ತೆ ಅಂತ ಇಬ್ನ್ ಬತೂತ ಬರೆಯುತ್ತಾನೆ.

ಮಳೆಗಾಲದಲ್ಲಿ ಅನ್ನೋದನ್ನು ಗಮನಿಸಿ. ಬೇಸಿಗೆಯಲ್ಲಿ ಅಂದಿಲ್ಲ, ಯಾವಾಗಲೂ ಅಂತಲೂ ಅಂದಿಲ್ಲ. ನಮ್ಮ ಕಡೆ ನೀರಿನ ಭಯ ಅಂದರೆ ಬೇಸಿಗೆಯ ಭಯ, ನೀರು ಇಲ್ಲದಿರೋ ಭಯ. ಬೋರು ಬತ್ತುತ್ತೆ, ಇರೋ ನೀರಿನಲ್ಲಿ ಫ್ಲೋರೈಡ್ ಇರುತ್ತೆ. ಕರಾವಳಿಯದು ತಿರುಗಾಮುರುಗಾ. ಅಲ್ಲಿ ಮನೆಗೊಂದು ಬಾವಿ. ಮಣ್ಣು ಮುರಕಲ್ಲಿನದು, ಸ್ಪಂಜಿನ ಥರ ತೂತುತೂತು. ಈ ಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಅನ್ನೋ ಹೆಸರಿಟ್ಟವನು 1801ರಲ್ಲಿ ಇದೇ ದಾರಿಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್. ಜೂನ್ ಬಂದು ಮಳೆ ಹೊಯ್ಯತೊಡಗಿದರೆ ನೆಲದೊಳಗಿನ ನೀರು ಮೇಲೇರಿ, ಬಾವಿಯ ನೀರು ಕೈಗೆ ಸಿಗುವಷ್ಟು ಹತ್ತಿರ ಬರುತ್ತೆ. ಹಿತ್ತಿಲ ಗೊಬ್ಬರ, ಕೊಟ್ಟಿಗೆ, ಗದ್ದೆಯ ಕೊಳೆ ಎಲ್ಲಾ ಆ ತೂತಿನ ನೆಲದೊಳಗಿಂದ ಜಿನುಗಿ ಬಾವಿ ಸೇರೋದಕ್ಕೆ ಇದಕ್ಕಿಂತ ಒಳ್ಳೇ ದಾರಿ ಬೇಡ. ನೀರು ನೋಡೋಕೆ ತಿಳಿಯಾಗೇ ಇರುತ್ತೆ, ಅದೇ ಅದರ ಮೋಸ.

ಕಾಲರಾಕ್ಕೆ ಕಾರಣ ಗಾಳಿಯಲ್ಲ, ನೀರು ಅಂತ ಲಂಡನ್ನಿನಲ್ಲಿ ಜಾನ್ ಸ್ನೋ ಬೀದಿ ಪಂಪೊಂದರ ಸುತ್ತ ಲೆಕ್ಕ ಹಾಕಿ ತೋರಿಸಿದ್ದು 1854ರಲ್ಲಿ. ಅವನ ಮಾತನ್ನು ನಂಬೋಕೆ ಜನ ಇನ್ನಷ್ಟು ವರ್ಷ ತಗೊಂಡರು. ರಾಬರ್ಟ್ ಕಾಖ್ ಕಲ್ಕತ್ತಾಕ್ಕೆ ಬಂದು ಅಲ್ಲಿನ ಕೆರೆನೀರಿನಲ್ಲೇ ಕಾಲರಾದ ಜೀವಾಣು ಹಿಡಿದಿದ್ದು 1884ರಲ್ಲಿ. ಹೊನ್ನಾವರದ ಅಡುಗೆಮನೆಗೆ ಜೀವಾಣು ಗೊತ್ತಿರಲಿಲ್ಲ, ಸಿದ್ಧಾಂತವೂ ಇರಲಿಲ್ಲ. ಮಳೆಗಾಲ, ತಣ್ಣೀರು, ಕಾಯಿಲೆ ಅನ್ನೋ ಮೂರು ಒಟ್ಟಿಗೆ ಬರುತ್ತವೆ ಅನ್ನೋದು ಮಾತ್ರ ಗೊತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬಗ್ ಎಲ್ಲಿದೆ ಅಂತ ಗೊತ್ತಾಗುವ ಐದು ಶತಮಾನ ಮೊದಲೇ ಫಿಕ್ಸ್ ಪ್ರೊಡಕ್ಷನ್‌ನಲ್ಲಿ ಓಡ್ತಾ ಇತ್ತು. (ನಮ್ಮಲ್ಲೂ ಇಂಥ ಕೋಡ್ ಬೇಕಾದಷ್ಟಿದೆ. ಯಾರು ಬರೆದರೋ, ಯಾಕೆ ಬರೆದರೋ, ತೆಗೆದರೆ ಮಾತ್ರ ಬೀಳುತ್ತೆ.)

ಅನ್ನದ ಕಥೆಯೂ ಹೀಗೇ. ಇವತ್ತು ಮಂಗಳೂರು, ಉಡುಪಿ ಕಡೆ ಹೋದರೆ ಮೊದಲು ತಕರಾರು ಬರೋದು ಕುಚ್ಚಲಕ್ಕಿಯ ಮೇಲೆ. ದಪ್ಪ ಅಗುಳು, ಕೆಂಪು ಬಣ್ಣ, ಅದಕ್ಕೊಂದು ವಾಸನೆ. ಬೆಂಗಳೂರಿನ ಸೋನಾಮಸೂರಿ ನಾಲಿಗೆಗೆ ಅದು ಸೇರಲ್ಲ. ಭತ್ತವನ್ನು ಹೊಟ್ಟಿನ ಸಮೇತ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡೋದು ಇದರ ವಿಧಾನ. ಬೇಯುವಾಗ ತೌಡಿನಲ್ಲಿರೋ ಬಿ1 ಜೀವಸತ್ವ ಕಾಳಿನ ಒಳಗೆ ಇಳಿಯುತ್ತೆ. ಆಮೇಲೆ ಎಷ್ಟು ಪಾಲಿಶ್ ಮಾಡಿದರೂ ಪೂರ್ತಿ ಹೋಗಲ್ಲ.

ಇದರ ಬೆಲೆ ಗೊತ್ತಾಗಿದ್ದು ಇನ್ನೊಂದು ಕಡಲೂರಿನಲ್ಲಿ. ಜಾವಾದ ಬಟೇವಿಯಾ, ಅಂದರೆ ಈಗಿನ ಜಕಾರ್ತದಲ್ಲಿ, 1890ರ ದಶಕದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ ಬೆರಿಬೆರಿ ರೋಗದ ಹಿಂದೆ ಬಿದ್ದಿದ್ದ. ಕಾಲು ಸೋತು, ಹೃದಯ ಸೋತು ಜನ ಸಾಯುತ್ತಿದ್ದ ರೋಗ. ಬಿಳಿ ಪಾಲಿಶ್ ಅಕ್ಕಿ ತಿಂದ ಕೋಳಿಗಳಿಗೆ ಅಂಥದ್ದೇ ರೋಗ ಬರುತ್ತೆ, ತೌಡಿರೋ ಅಕ್ಕಿ ಕೊಟ್ಟರೆ ವಾಸಿಯಾಗುತ್ತೆ ಅಂತ ಅವನು ಕಂಡ. ಅದಕ್ಕೇ 1929ರಲ್ಲಿ ನೊಬೆಲ್ ಬಂತು. ಅದೇ ಸುಮಾರಿಗೆ ಬ್ರಿಟಿಷ್ ಮಲಯಾದಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಪಾಲಿಶ್ ಅಕ್ಕಿ ತಿನ್ನುತ್ತಿದ್ದ ಚೀನೀ ಕೂಲಿಗಳು ಬೆರಿಬೆರಿಯಲ್ಲಿ ನರಳುತ್ತಿದ್ದರೆ, ಕುಚ್ಚಲಕ್ಕಿ ತಿನ್ನುತ್ತಿದ್ದ ತಮಿಳು ಕೂಲಿಗಳು ಅದರಿಂದ ಪಾರಾಗಿದ್ದರು. ಪರಊರಿನಲ್ಲಿ ದುಡಿಯೋಕೆ ಹೋದ ಬಡವರು ತಮ್ಮೂರಿನ ಅಕ್ಕಿಯನ್ನು ಬಿಡದಿದ್ದೇ ಅವರನ್ನು ಉಳಿಸಿತು.

ಓಆರ್‌ಎಸ್ ಪ್ಯಾಕೆಟ್ ಪಕ್ಷದವರಿಗೆ ಇನ್ನೂ ಒಂದು ಮಾತು. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಡ್ರಿಪ್ ಬಾಟಲಿ ಮುಗಿದು ಹೋದಾಗ ಉಪ್ಪು, ಗ್ಲೂಕೋಸು ಬೆರೆಸಿದ ನೀರನ್ನೇ ಕುಡಿಸಿ ಕಾಲರಾ ರೋಗಿಗಳನ್ನು ಉಳಿಸಿದರು. ಓಆರ್‌ಎಸ್ ಲೋಕಕ್ಕೆಲ್ಲಾ ಹೋಗಿದ್ದು ಅಲ್ಲಿಂದಾಚೆಗೆ. ಆಮೇಲೆ ಗ್ಲೂಕೋಸಿನ ಬದಲು ಅಕ್ಕಿಹಿಟ್ಟು ಹಾಕಿದರೂ, ಅದರಲ್ಲೂ ಕಾಲರಾದಲ್ಲಿ, ಚೆನ್ನಾಗಿ ಕೆಲಸ ಮಾಡುತ್ತೆ ಅಂತ ವೈದ್ಯರು ಕಂಡುಕೊಂಡರು. ಅಕ್ಕಿಯ ಪಿಷ್ಟ, ಉಪ್ಪು, ಕುದಿದ ನೀರು. ಮಂಗಳೂರಿನಲ್ಲಿ ಇದಕ್ಕೆ ಗಂಜಿ ಅಂತಾರೆ. ಜೊತೆಗೆ ಒಂದು ಚೂರು ಉಪ್ಪಿನಕಾಯಿ ಇಡುತ್ತಾರೆ.

ಇಷ್ಟೆಲ್ಲಾ ಒಳ್ಳೆಯದಾದರೂ ನಮ್ಮ ಇಬ್ನ್ ಬತೂತನಿಗೆ ಖುಷಿಯಾಗಲಿಲ್ಲ! ಇನ್ನೊಂದು ಸಲ ಇದೇ ಸುಲ್ತಾನನ ಹತ್ತಿರ ಹನ್ನೊಂದು ತಿಂಗಳು ಇದ್ದೆ, ರೊಟ್ಟಿಯನ್ನು ಕಣ್ಣಿಂದಲೂ ನೋಡಲಿಲ್ಲ ಅನ್ನೋ ಹಾಗೆ ಗೋಳಾಡಿದ್ದಾನೆ. ಆಮೇಲೆ ಮಾಲ್ಡೀವ್ಸ್, ಸಿಂಹಳ, ಚೋಳಮಂಡಲ, ಮಲಬಾರು ಅಂತ ಮೂರು ವರ್ಷ ಬರೀ ಅನ್ನ ತಿಂದು ತಿಂದು, ಕೊನೆಗೆ ನೀರಿನ ಜೊತೆಯಲ್ಲದೆ ಅದು ಗಂಟಲಲ್ಲಿ ಇಳಿಯುತ್ತಲೇ ಇರಲಿಲ್ಲವಂತೆ. ಎರಡು ಥರದ ಕೋಳಿ, ಥರಾವರಿ ಮೀನು ತಿಂದವನ ಕಂಪ್ಲೇಂಟು ಇದು. ಆದರೂ ನನಗೆ ಅವನ ಮೇಲೆ ಕನಿಕರವಿದೆ. ಮುದ್ದೆ ತಿನ್ನದೆ ಮೂರು ದಿನ ಕಳೆದರೆ ನಮ್ಮೂರಿನವರು ಊಟವೇ ಮಾಡಿಲ್ಲ ಅನ್ನೋ ಹಾಗೆ ಮಾತಾಡುತ್ತಾರೆ. ಹೊಟ್ಟೆ ತುಂಬೋದು ಬೇರೆ, ಊಟ ಆಗೋದು ಬೇರೆ.

ಆ ವ್ಯತ್ಯಾಸವನ್ನು ಅವನಿಗಿಂತ ಇನ್ನೂರು ವರ್ಷ ಮೊದಲೇ ಮಂಗಳೂರಿನಲ್ಲಿದ್ದ ಇನ್ನೊಬ್ಬ ಪರದೇಶಿ ಹಡಗಿನ ಮೂಲಕ ಸರಿಮಾಡಿಕೊಂಡಿದ್ದ. ಅಬ್ರಹಾಂ ಬೆನ್ ಯಿಜು, ಈಗಿನ ಟ್ಯುನೀಷಿಯಾದ ಮಹ್ದಿಯಾ ಊರಿನ ಯೆಹೂದಿ ವ್ಯಾಪಾರಿ. 1132ರಿಂದ 1149ರವರೆಗೆ ಮಂಗಳೂರನ್ನು ನೆಲೆ ಮಾಡಿಕೊಂಡು ಕಾಳುಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಏಡನ್ನಿಗೆ ಕಳಿಸುತ್ತಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ಇಟ್ಟಿದ್ದ. ಅವನ ಕಾಗದಪತ್ರಗಳು ಕೈರೋದ ಹಳೇ ಸಿನಗಾಗಿನ ಒಂದು ಕೋಣೆಯಲ್ಲಿ ಉಳಿದುಕೊಂಡು, ಎಸ್.ಡಿ. ಗೊಯ್ಟೈನ್ ಎಂಬ ವಿದ್ವಾಂಸರ ಕಣ್ಣಿಗೆ ಬಿದ್ದವು. ಅಮಿತಾವ್ ಘೋಷ್ 1992ರಲ್ಲಿ 'ಇನ್ ಆನ್ ಆಂಟೀಕ್ ಲ್ಯಾಂಡ್' ಬರೆದಿದ್ದು ಇದೇ ಮನುಷ್ಯನ ಮತ್ತು ಅವನ ಆಳು ಬೊಮ್ಮನ ಬೆನ್ನು ಹತ್ತಿ.

ಏಡನ್ನಿನ ಗೆಳೆಯರು ವ್ಯಾಪಾರದ ಲೆಕ್ಕದ ಜೊತೆಗೆ ಅವನ ಮನೆಗೆ ಅಂತಲೇ ಸಣ್ಣಪುಟ್ಟ ಸಾಮಾನು ಕಳಿಸುತ್ತಿದ್ದರು. ಸಕ್ಕರೆ, ಒಣದ್ರಾಕ್ಷಿ, ಬಾದಾಮಿ, ಸೋಪು, ಬರೆಯೋಕೆ ಒಳ್ಳೇ ಕಾಗದ. ಕಬ್ಬು ಬೆಳೆಯೋ ದೇಶಕ್ಕೆ ಕಡಲು ದಾಟಿ ಸಕ್ಕರೆ ಬರೋದು ನೋಡಿ! ನನ್ನ ಅಮ್ಮ ಬೆಂಗಳೂರಿಗೆ ಬಸ್ಸಿನಲ್ಲಿ ರಾಗಿಹಿಟ್ಟು ಕಳಿಸುತ್ತಾರೆ. ರಾಗಿಹಿಟ್ಟು ನಮ್ಮ ರಸ್ತೆಯ ಅಂಗಡಿಯಲ್ಲೂ ಸಿಗುತ್ತೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಬೆನ್ ಯಿಜು ಹದಿನೇಳು ವರ್ಷ ಈ ಕರಾವಳಿಯಲ್ಲಿ ಬಾಳಿದ. ಆಶು ಅನ್ನೋ ಇಲ್ಲಿನ ದಾಸಿಯೊಬ್ಬಳನ್ನು 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಪತ್ರ ಬರೆದು ಬಿಡುಗಡೆ ಮಾಡಿದ. ಸಂಸಾರ ನಡೆದದ್ದು ಅವಳ ಜೊತೆ ಅನ್ನೋದು ವಿದ್ವಾಂಸರ ಅಭಿಪ್ರಾಯ. ದಿನದ ಊಟ ಊರಿನದು, ಡಬ್ಬಿಯಲ್ಲಿ ನೆನಪಿಗೆ ಒಂದಿಷ್ಟು ಒಣದ್ರಾಕ್ಷಿ.

ಕಡಲಿಗೆ ಬಂದವರೆಲ್ಲಾ ಇಷ್ಟು ಸುಲಭವಾಗಿ ಪಾರಾಗಲಿಲ್ಲ. 1442ರಲ್ಲಿ ಹೆರಾತಿನಿಂದ ಹೊರಟ ರಾಯಭಾರಿ ಅಬ್ದುಲ್ ರಜಾಕ್ ಒಮಾನಿನ ಕರಾವಳಿಯ ಸೆಕೆಗೇ ಜ್ವರ ಹಿಡಿದು ಮಲಗಿದ. ಜೊತೆಗಿದ್ದ ಅಣ್ಣ ಅಲ್ಲೇ ತೀರಿಕೊಂಡ. ಹಡಗು ಹತ್ತಿ ಕಡಲ ಗಾಳಿ ಸೋಕಿದ ಮೇಲೆ ಇವನು ಚೇತರಿಸಿಕೊಂಡು, ಕಲ್ಲಿಕೋಟೆ, ಮಂಗಳೂರು ಮೂಲಕ ವಿಜಯನಗರ ಸೇರಿದ. ನಮ್ಮ ಪಠ್ಯಪುಸ್ತಕದಲ್ಲಿ ಹಂಪಿಯ ವೈಭವ ಹೇಳೋನು ಇದೇ ರಜಾಕ್.

ವಾಸ್ಕೋ ಡ ಗಾಮನ ಕಥೆ ಇನ್ನೂ ಕೆಟ್ಟದ್ದು. 1498ರಲ್ಲಿ ಕಲ್ಲಿಕೋಟೆಯಿಂದ ವಾಪಸ್ ಹೊರಟವನು ಕಾರವಾರದ ಮುಂದಿರೋ ಅಂಜುದೀವ ದ್ವೀಪದಲ್ಲಿ ಲಂಗರು ಹಾಕಿ, ಹಡಗು ರಿಪೇರಿ ಮಾಡಿಸಿ, ನೀರು ತುಂಬಿಸಿಕೊಂಡ. ಅಕ್ಟೋಬರ್ ಮೊದಲ ವಾರ ಹೊರಟ. ಗಾಳಿ ಕೈಕೊಟ್ಟು ಅರಬ್ಬಿ ಸಮುದ್ರ ದಾಟೋಕೆ ಮೂರು ತಿಂಗಳು ಹಿಡಿಯಿತು. ವಸಡು ಊದಿ ಹಲ್ಲಿನ ಮೇಲೆ ಬೆಳೆದು ಊಟವೇ ಮಾಡೋಕೆ ಆಗದೆ 30 ಜನ ಸತ್ತರು. ಸ್ಕರ್ವಿ, ಅಂದರೆ ಸಿ ಜೀವಸತ್ವದ ಕೊರತೆ. 1499ರ ಜನವರಿಯಲ್ಲಿ ಆಫ್ರಿಕದ ಮಲಿಂದಿ ತಲುಪಿದಾಗ ಮೊದಲು ಕೇಳಿದ್ದರಲ್ಲಿ ಒಂದು ಕಿತ್ತಳೆ. ನಿಂಬೆ, ನೆಲ್ಲಿ, ಅಮಟೆ ಬೆಳೆಯೋ ದಡವನ್ನು ಬಿಟ್ಟು ಬಂದ ಮೇಲೆ.

ಇನ್ನು ಸೊಳ್ಳೆ. ಅದರ ವಿಷಯದಲ್ಲಿ ಮಾತ್ರ ಅಡುಗೆಮನೆಯ ಜಾಣತನ ಏನೂ ಮಾಡಲಾಗಲಿಲ್ಲ. ಮಲೇರಿಯಾಕ್ಕೆ ಸೊಳ್ಳೆ ಕಾರಣ ಅಂತ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದಿದ್ದು 1897ರಲ್ಲಿ. ಅಲ್ಲಿಯವರೆಗೆ ಎಲ್ಲರೂ ಗಾಳಿಯನ್ನು ಬೈದರು, ಕಾಡನ್ನು ಬೈದರು. ಮಂಗಳೂರಿನಲ್ಲಿ 1990ರ ದಶಕದಿಂದ ಅಪಾರ್ಟ್‌ಮೆಂಟುಗಳು ಏಳತೊಡಗಿದಾಗ ಮಲೇರಿಯಾ ಮತ್ತೆ ಬಂದು ಕೂತಿತು. ಅಲ್ಲಿನ ನಗರದ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ. ಅದಕ್ಕೆ ಚರಂಡಿ ಬೇಡ, ಟ್ಯಾಂಕಿನ ಶುದ್ಧ ನೀರು, ಹೊಸ ಕಟ್ಟಡದ ಕಾಂಕ್ರೀಟ್ ಮೇಲೆ ಕ್ಯೂರಿಂಗಿಗೆ ನಿಲ್ಲಿಸಿದ ನೀರು ಸಾಕು. ಕಟ್ಟೋಕೆ ಬಂದ ನಮ್ಮ ಉತ್ತರ ಕರ್ನಾಟಕದ, ಹೊರರಾಜ್ಯದ ಕೂಲಿಗಳು ಅಲ್ಲೇ ಶೆಡ್ಡಿನಲ್ಲಿ ಮಲಗುತ್ತಿದ್ದರು, ಮೊದಲು ಜ್ವರ ಬರುತ್ತಿದ್ದಿದ್ದು ಅವರಿಗೇ. 2015ರಲ್ಲಿ ಅಲ್ಲಿನ ಆರೋಗ್ಯ ಕಾರ್ಯಕರ್ತರ ಕೈಗೆ ಟ್ಯಾಬ್ಲೆಟ್ ಕೊಟ್ಟು, ಪ್ರತಿ ಪ್ರಕರಣವನ್ನು ಸಾಫ್ಟ್‌ವೇರಿಗೆ ಹಾಕಿ, ರೋಗಿಯ ಮನೆ ಸುತ್ತ ಸೊಳ್ಳೆ ಹುಡುಕೋ ಕ್ರಮ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಪ್ರಕರಣಗಳು ಚೆನ್ನಾಗಿ ಇಳಿದವು. ನಮ್ಮ ವೃತ್ತಿಯವರು ಎದೆಯುಬ್ಬಿಸಿ ಹೇಳಿಕೊಳ್ಳಬಹುದಾದ ಕೆಲಸಗಳಲ್ಲಿ ಇದೊಂದು. ದೀಪಾವಳಿ ಆಫರ್ ಪೇಜಿನಲ್ಲಿ ಬಟನ್ನಿನ ಬಣ್ಣ ಬದಲಾಯಿಸೋದಕ್ಕಿಂತ ಮೇಲು ಅಂತ ನನ್ನ ಅನಿಸಿಕೆ.

ಇಷ್ಟು ಹೊತ್ತು ಏನು ತಿಂದರು, ಏನು ಕುಡಿದರು ಅಂತ ಹೇಳಿದೆ. ಯಾರು ಕೊಟ್ಟರು, ಹೇಗೆ ಕೊಟ್ಟರು ಅನ್ನೋದು ಉಳಿದಿದೆ. ಇಬ್ನ್ ಬತೂತನೇ ಅದನ್ನೂ ಬರೆದಿದ್ದಾನೆ.

ಗೋವಾದಿಂದ ಕೊಲ್ಲಂವರೆಗಿನ ಕರಾವಳಿ ದಾರಿ ನಡೆದರೆ ಎರಡು ತಿಂಗಳು ಅಂತಾನೆ. ದಾರಿಯುದ್ದಕ್ಕೂ ಮರದ ನೆರಳು. ಪ್ರತಿ ಅರ್ಧ ಮೈಲಿಗೆ ಒಂದು ಮರದ ಮಂಟಪ, ಕೂರೋಕೆ ಜಗಲಿ, ಪಕ್ಕದಲ್ಲಿ ಕುಡಿಯೋ ನೀರಿನ ಬಾವಿ, ನೀರು ಕೊಡೋಕೆ ಅಂತಲೇ ಒಬ್ಬ ಹಿಂದೂ. ಯಾರು ಬೇಕಾದರೂ ಕೂರಬಹುದು. ಓದುತ್ತಾ ಓದುತ್ತಾ ಎಂಥಾ ನಾಡು ಅನಿಸುತ್ತೆ. ಇವತ್ತಿನ ಹೆದ್ದಾರಿಯಲ್ಲೂ ಅಷ್ಟು ಹತ್ತಿರ ಹತ್ತಿರ ನೀರು ಸಿಗಲ್ಲ. ಮುಂದಿನ ವಾಕ್ಯ ಹೀಗಿದೆ: ಬಂದವನು ಹಿಂದೂ ಆದರೆ ಪಾತ್ರೆಯಲ್ಲಿ ನೀರು ಕೊಡುತ್ತಾರೆ, ಮುಸಲ್ಮಾನನಾದರೆ ಸಾಕು ಅಂತ ಸನ್ನೆ ಮಾಡುವವರೆಗೆ ಕೈಗೆ ಹೊಯ್ಯುತ್ತಾರೆ. ಮುಸಲ್ಮಾನರನ್ನು ಮನೆಯೊಳಗೆ ಬಿಡಲ್ಲ, ತಮ್ಮ ಪಾತ್ರೆಯಲ್ಲಿ ಉಣಿಸಲ್ಲ. ಉಂಡರೆ ಪಾತ್ರೆ ಒಡೆದುಹಾಕುತ್ತಾರೆ, ಇಲ್ಲಾ ಅವರಿಗೇ ಕೊಟ್ಟುಬಿಡುತ್ತಾರೆ. ಸುತ್ತ ಮುಸಲ್ಮಾನರ ಮನೆ ಇಲ್ಲದ ಕಡೆ ಅಡುಗೆ ಮಾಡಿ ಬಾಳೆಲೆಯ ಮೇಲೆ ಬಡಿಸುತ್ತಾರೆ, ಉಳಿದದ್ದು ನಾಯಿಗೆ, ಹಕ್ಕಿಗೆ.

ಅವನು ಇದನ್ನು ದೂರಿನ ಹಾಗೆ ಬರೆದಿಲ್ಲ, ಈ ಊರಿನ ಪದ್ಧತಿ ಅಂತ ಬರೆದು ಮುಂದೆ ಹೋಗಿದ್ದಾನೆ. ದೆಹಲಿಯ ರಾಯಭಾರಿ ಅವನು, ಹಿಂದೆ ಆಳುಕಾಳು ಇದ್ದರು, ಮುಂದೆ ಸುಲ್ತಾನನ ತಾಮ್ರದ ತಟ್ಟೆ ಕಾಯುತ್ತಿತ್ತು. ನೀರು ಕೈಗೆ ಬಿದ್ದದ್ದು ಅವನಿಗೆ ದಾರಿಯಲ್ಲಿ ಕಂಡ ಒಂದು ವಿಚಿತ್ರ, ಅಷ್ಟೇ. ಮತ್ತೆ ಇದು ಬರೀ ಹಿಂದೂ ಮುಸ್ಲಿಂ ಮಾತೂ ಅಲ್ಲ. ಪಾತ್ರೆಯಲ್ಲಿ ನೀರು ಸಿಕ್ಕ ಆ 'ಹಿಂದೂ' ಅನ್ನೋದರೊಳಗೆ ಎಲ್ಲರೂ ಇರಲಿಲ್ಲ ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ತಾತ ಲಾರಿಯಲ್ಲಿ ಹಮಾಲಿಯಾಗಿದ್ದವರು. 1960ರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಕಡೆಯಿಂದ ಹುಣಸೆಹಣ್ಣಿನ ಲೋಡು ಹೊತ್ತುಕೊಂಡು ಘಾಟಿ ಇಳಿದು ಮಂಗಳೂರಿನ ಬಂದರಿಗೆ ಹೋಗುತ್ತಿದ್ದರು. ಅವರು ಹೇಳುತ್ತಿದ್ದ ಕರಾವಳಿಯಲ್ಲಿ ಕಡಲು ಇರುತ್ತಲೇ ಇರಲಿಲ್ಲ, ಇರುತ್ತಿದ್ದಿದ್ದು ದಾರಿ ಬದಿಯ ಒಂದು ಊಟದ ಮನೆ. "ಅಲ್ಲಿ ನೀರು ಕಾಯಿಸೇ ಕೊಡೋರು ಕಣಪ್ಪ, ಮಳೆಗಾಲದಾಗೆ. ಒಳ್ಳೇ ನೀರು. ಡ್ರೈವರಪ್ಪನಿಗೆ ಲೋಟದಾಗೆ, ನಮಗೆ ಹಿತ್ಲಾಗೆ ಬೊಗಸೆಗೆ. ಬಿಸಿ ಅಂದ್ರೆ ಬಿಸಿ. ಒಂದೇ ಸಲ ಕುಡಿಯಾಕಾಗಲ್ಲ, ಬಿಟ್ರೆ ಸೋರೋಯ್ತದೆ." ಇದನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಊಟ ಚೆನ್ನಾಗಿತ್ತಂತೆ. ದಪ್ಪಕ್ಕಿ ಅನ್ನ, ಮೀನಿನ ಸಾರು, ಹೊಟ್ಟೆ ಕೆಟ್ಟಿದ್ದೇ ಇಲ್ಲವಂತೆ.

ಆಗ ಸಂವಿಧಾನಕ್ಕೆ ಹತ್ತು ವರ್ಷ ದಾಟಿತ್ತು. 15ನೇ ವಿಧಿಯ ಎರಡನೇ ಖಂಡ ತೆಗೆದು ಓದಿ ನೋಡಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲು, ಸಾರ್ವಜನಿಕ ಊಟದ ಮನೆಗಳಿಂದ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳಿಂದ ತಡೆಯುವಂತಿಲ್ಲ ಅನ್ನುತ್ತೆ ಅದು. ಮೊದಲ ಸಲ ಓದಿದಾಗ ಇಷ್ಟು ದೊಡ್ಡ ಗ್ರಂಥದಲ್ಲಿ ಹೋಟೆಲು, ಬಾವಿ ಅಂತ ಹೆಸರು ಹಿಡಿದು ಯಾಕೆ ಬರೆದರು ಅನಿಸಿತ್ತು. ಇಬ್ನ್ ಬತೂತನ ಮರದ ಮಂಟಪ ಓದಿದ ಮೇಲೆ ಹಾಗನಿಸಲ್ಲ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯೂ ಬಂತು. ಕಾಯ್ದೆ ದೆಹಲಿಯಿಂದ ಹಿತ್ತಿಲಿಗೆ ಬರೋದು ನಿಧಾನ.

ಇದೇ ಕರಾವಳಿಯವರು ಅಷ್ಟರಲ್ಲಿ ಬೇರೆ ಕಡಲೂರುಗಳಿಗೆ ಹೋಗಿ ಅನ್ನ ಬಡಿಸೋಕೆ ನಿಂತಿದ್ದರು. ಮುಂಬಯಿಯ ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಮದರಾಸಿನಲ್ಲಿ ಉಡುಪಿ ಕಡೆಯ ಕೆ. ಕೃಷ್ಣರಾಯರು ವುಡ್‌ಲ್ಯಾಂಡ್ಸ್ ಕಟ್ಟಿದರು. ಪರಊರಿಗೆ ಕೆಲಸಕ್ಕೆ ಬಂದ ಗುಮಾಸ್ತ, ವಿದ್ಯಾರ್ಥಿ, ಮಿಲ್ ನೌಕರ ಕಡಿಮೆ ದುಡ್ಡಿಗೆ ಬಿಸಿಬಿಸಿ ತಿಂದು ಹೊಟ್ಟೆ ಕೆಡಿಸಿಕೊಳ್ಳದೆ ಬದುಕಿದ್ದರಲ್ಲಿ ಇಂಥ ಹೋಟೆಲುಗಳ ಪಾಲು ದೊಡ್ಡದು. ಯಾರ ಪಕ್ಕ ಯಾರು ಕೂರಬೇಕು ಅನ್ನೋ ಪ್ರಶ್ನೆ ಅಲ್ಲಿಗೂ ಹಿಂಬಾಲಿಸಿತು. ಎಷ್ಟೋ ಊರುಗಳ ಹೋಟೆಲಿನಲ್ಲಿ ಬ್ರಾಹ್ಮಣರಿಗೆ ಬೇರೆ ಸಾಲು ಇತ್ತು. 1957ರಲ್ಲಿ ಮದರಾಸಿನ ತಿರುವಲ್ಲಿಕೇಣಿಯ ಒಂದು ಹೋಟೆಲಿನ ಫಲಕದಲ್ಲಿದ್ದ 'ಬ್ರಾಹ್ಮಣ' ಪದ ತೆಗೆಸೋಕೆ ಪೆರಿಯಾರ್ ಅವರ ಕಡೆಯವರು ತಿಂಗಳುಗಟ್ಟಲೆ ಬಾಗಿಲ ಮುಂದೆ ನಿಂತು ಜೈಲಿಗೆ ಹೋದರು. ಕೌಂಟರಿನಲ್ಲಿ ಕೂಪನ್ ತಗೊಂಡು, ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡದೆ ನಿಂತು ತಿನ್ನೋ ನಮ್ಮ ದರ್ಶಿನಿ ಇದೆಯಲ್ಲ, ಅದು ಬಹಳ ದೂರದಿಂದ ಬಂದಿದೆ.

ನೀವು ಈ ಸಲ ಮಳೆಗಾಲದಲ್ಲಿ ಘಾಟಿ ಇಳಿದರೆ ಐಸ್ ಹಾಕಿದ ಜ್ಯೂಸು ಬಿಡಿ, ಗಂಜಿ ಊಟ ಸಿಕ್ಕರೆ ಬಿಡಬೇಡಿ. ಕೆಸುವಿನೆಲೆಯ ಪತ್ರೊಡೆ ತಿನ್ನಿ, ಅದರ ತುರಿಕೆ ಕಳೆಯೋಕೆ ಹುಣಸೆಹಣ್ಣು ಹಾಕಿರುತ್ತಾರೆ. ಅಂದಹಾಗೆ, ಇಬ್ನ್ ಬತೂತ 1352ರಲ್ಲಿ ಆಫ್ರಿಕದ ಮಾಲಿಗೆ ಹೋದಾಗ ಕೆಸುವಿನಂಥದ್ದೇ ಗೆಡ್ಡೆಯ ಅಂಬಲಿ ತಿಂದು, ಜೊತೆಗಿದ್ದ ಆರು ಜನಕ್ಕೂ ಕಾಯಿಲೆಯಾಗಿ ಒಬ್ಬ ಸತ್ತೇಹೋದ. ಇವನು ಎರಡು ತಿಂಗಳು ಮಲಗಿದ. ಹೊನ್ನಾವರದಲ್ಲಿ ಹನ್ನೊಂದು ತಿಂಗಳು ಇದ್ದವನ ತಕರಾರು ಅನ್ನ ಬೇಜಾರು ಅನ್ನೋದಷ್ಟೇ.

ಹೋಟೆಲಿನಲ್ಲಿ ಕೂತ ತಕ್ಷಣ ಕೇಳದೆಯೇ ಸ್ಟೀಲ್ ಜಗ್ಗಿನಲ್ಲಿ ಬಿಸಿನೀರು, ಎದುರಿಗೊಂದು ಲೋಟ ತಂದಿಡುತ್ತಾರೆ. ತಾತನಿಗೆ ಕರಾವಳಿಯಿಂದ ಅಂಟಿಕೊಂಡ ಅಭ್ಯಾಸ ಇದೊಂದೇ. ಮುದ್ದೆ ಊಟವಾದ ಮೇಲೆ ಅಜ್ಜಿ ನೀರು ಕಾಯಿಸಿ ಕೊಡಬೇಕಿತ್ತು. ನಮ್ಮ ಮನೆಯಲ್ಲಿ ಉಳಿದವರೆಲ್ಲಾ ಚೊಂಬು ಮೇಲೆತ್ತಿ ಗಟಗಟ ಕುಡಿಯೋರು. ಅವರು ಮಾತ್ರ ಜಗಲಿಯ ಮೇಲೆ ಕೂತು, ಲೋಟ ಎರಡೂ ಕೈಯಲ್ಲಿ ಹಿಡಿದು, ತುಟಿಗೆ ತಾಗಿಸಿ, ಅರ್ಧ ಗಂಟೆ ಕುಡಿಯೋರು.